ಗೋ ಕಲಿಯುತ್ತಾ ಬರೆದ ಕಾಮಿಕ್ ಡೌನ್‌ಲೋಡರ್

ಹೊಸ ಪ್ರೋಗ್ರಾಮಿಂಗ್ ಭಾಷೆ ಕಲಿಯುವಾಗ ಎಲ್ಲರೂ ಮಾಡುವ ಟು-ಡೂ ಆ್ಯಪ್ ನನಗೆ ಬೇಡವಾಗಿತ್ತು. ಬರೆದ ಮೇಲೆ ನಾನೇ ಬಳಸುವಂಥದ್ದು ಏನಾದರೂ ಆಗಬೇಕಿತ್ತು. ಎಕ್ಸ್‌ಕೆಸಿಡಿ ಅನ್ನುವ ವೆಬ್ ಕಾಮಿಕ್ ನನಗೆ ತುಂಬಾ ಇಷ್ಟ, ನೆಟ್ ಇಲ್ಲದಾಗಲೂ ಓದಬೇಕು ಅನ್ನಿಸುತ್ತಿತ್ತು. ಅದನ್ನೇ ಇಳಿಸಿಕೊಳ್ಳುವ ಕಮಾಂಡ್ ಲೈನ್ ಟೂಲ್ ಬರೆಯಲು ಕೂತೆ, ಗೋ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ.

ಈ ಕಾಮಿಕ್ ಬರೆಯುವ ರ‍್ಯಾಂಡಲ್ ಮನ್ರೋ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಕೊಟ್ಟಿದ್ದಾರೆ. ಹೆಸರು ಹೇಳಿ, ವ್ಯಾಪಾರಕ್ಕೆ ಬಳಸದಿದ್ದರೆ ತಕರಾರಿಲ್ಲ. ಎಚ್‌ಟಿಎಂಎಲ್ (ವೆಬ್ ಪುಟದ ಕೋಡ್) ಕೆದಕುವ ಗೋಜೂ ಇಲ್ಲ, ಪ್ರತಿ ಕಾಮಿಕ್‌ಗೂ ಒಂದು ಜೇಸನ್ ಫೈಲ್ (ಪ್ರೋಗ್ರಾಂ ಸುಲಭವಾಗಿ ಓದಬಲ್ಲ ಮಾಹಿತಿ ಫೈಲ್) ಇದೆ, ಅದರಲ್ಲೇ ನಂಬರ್, ಶೀರ್ಷಿಕೆ, ತಾರೀಖು, ಚಿತ್ರದ ವಿಳಾಸ ಎಲ್ಲ ಸಿಗುತ್ತದೆ. ನಂಬರ್ ಹಾಕದೆ ಕೇಳಿದರೆ ತೀರಾ ಹೊಸದು ಬರುತ್ತದೆ. ಎಲ್ಲಿಯವರೆಗೆ ಇಳಿಸಬೇಕು ಅನ್ನುವುದು ಅಲ್ಲೇ ಗೊತ್ತಾಯಿತಲ್ವಾ?

ಹೊರಗಿನ ಪ್ಯಾಕೇಜ್ (ಬೇರೆಯವರು ಬರೆದಿಟ್ಟ ಕೋಡ್) ಒಂದೂ ಬೇಕಾಗಲಿಲ್ಲ. ಆದರೆ ಗೋಗೆ ಅದರದ್ದೇ ಹಟಗಳಿವೆ. ಒಂದು ಪ್ಯಾಕೇಜನ್ನು ಇಂಪೋರ್ಟ್ ಮಾಡಿ ಬಳಸದಿದ್ದರೆ ಪ್ರೋಗ್ರಾಂ ಕಂಪೈಲೇ ಆಗುವುದಿಲ್ಲ. ಸ್ಟ್ರಕ್ಟ್‌ನ (ಸಂಬಂಧಪಟ್ಟ ಮಾಹಿತಿಯನ್ನು ಒಟ್ಟಿಗೆ ಇಡುವ ರಚನೆ) ಫೀಲ್ಡ್ ಹೆಸರು ಕ್ಯಾಪಿಟಲ್ ಅಕ್ಷರದಿಂದ ಶುರುವಾಗದಿದ್ದರೆ ಜೇಸನ್ ಓದುವ ಪ್ಯಾಕೇಜಿಗೆ ಅದು ಕಾಣುವುದೇ ಇಲ್ಲ, ಎರರ್ ಕೂಡ ಕೊಡದೆ ಸುಮ್ನೆ ಖಾಲಿ ಬಿಡುತ್ತದೆ.

ನಾನು ಜಾಸ್ತಿ ಕಲಿತಿದ್ದು ಎರರ್ ವಿಷಯದಲ್ಲಿ. ಸರ್ವರ್ 404, ಅಂದರೆ 'ಆ ಪುಟ ಇಲ್ಲ' ಅಂದರೂ ಗೋದ ಎಚ್‌ಟಿಟಿಪಿ ಪ್ಯಾಕೇಜಿಗೆ ಅದು ಎರರ್ ಅಲ್ಲ. ಕೇಳಿದ್ದಕ್ಕೆ ಉತ್ತರ ಬಂತು, ಅದರ ಕೆಲಸ ಮುಗಿಯಿತು, ಸ್ಟೇಟಸ್ ಕೋಡ್ ನೋಡುವುದು ನಮಗೆ ಬಿಟ್ಟಿದ್ದು. ಇದನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಕಾಮಿಕ್ ಸಿಗಲಿಕ್ಕಿಲ್ಲ: 403ನೇ ಕಾಮಿಕ್ ಆದ ಮೇಲೆ ನೇರವಾಗಿ 405, ನಡುವಿನ 404 ಬೇಕಂತಲೇ ಇಲ್ಲ, ಆ ಪುಟ ತೆರೆದರೆ 404 ಎರರ್ರೇ ಬರುತ್ತದೆ! ಒಂದರಿಂದ ಕೊನೆಯವರೆಗೆ ಲೂಪ್ ಓಡಿಸುವ ಯಾರಿಗೇ ಆದರೂ ಈ ಜೋಕು ಅಡ್ಡ ಸಿಕ್ಕೇ ಸಿಗುತ್ತದೆ. ಅದನ್ನು ದಾಟಿ ಮುಂದೆ ಹೋಗುವ ಕೋಡ್ ಬೇಕು, ಪ್ರೋಗ್ರಾಂ ಅಲ್ಲೇ ನಿಲ್ಲಬಾರದು.

ಫೈಲ್ ಹೆಸರಿಗೆ ನಂಬರನ್ನು ಸೊನ್ನೆ ಸೇರಿಸಿ ನಾಲ್ಕು ಅಂಕಿ ಮಾಡಿದೆ, ಇಲ್ಲದಿದ್ದರೆ ಫೋಲ್ಡರಿನಲ್ಲಿ 2ಕ್ಕಿಂತ ಮೊದಲು 10 ಬಂದು ಕೂರಬಹುದು. ಚಿತ್ರವನ್ನು ಮೊದಲು ತಾತ್ಕಾಲಿಕ ಹೆಸರಲ್ಲಿ ಬರೆದು, ಪೂರ್ತಿ ಇಳಿದ ಮೇಲಷ್ಟೇ ನಿಜವಾದ ಹೆಸರು ಕೊಡುತ್ತೇನೆ. ಹೀಗೆ ಮಾಡಿದರೆ ನಡುವೆ ನೆಟ್ ಹೋಗಿ ಅರ್ಧ ಇಳಿದ ಚಿತ್ರ, ಮುಂದಿನ ಸಲ 'ಇದು ಆಗಲೇ ಇದೆ' ಅಂತ ಲೆಕ್ಕಕ್ಕೆ ಬರುವುದಿಲ್ಲ. ಚಿತ್ರದ ಮೇಲೆ ಮೌಸ್ ಇಟ್ಟಾಗ ಕಾಣುವ ಸಾಲನ್ನೂ ಪಕ್ಕದಲ್ಲೇ ಟೆಕ್ಸ್ಟ್ ಫೈಲ್ ಮಾಡಿ ಇಡುತ್ತೇನೆ, ಎಷ್ಟೋ ಸಲ ನಿಜವಾದ ನಗು ಇರುವುದೇ ಅಲ್ಲಿ.

ಗೋರೂಟೀನ್ (ಹಲವು ಕೆಲಸ ಒಟ್ಟಿಗೇ ಓಡಿಸುವ ಗೋದ ವ್ಯವಸ್ಥೆ) ಕೊನೆಗೆ ಸೇರಿಸಿ, ಮೊದಲೇ ಬೇಡ. ಒಂದೊಂದಾಗಿ ಇಳಿಸುವುದು ಸರಿಯಾದ ಮೇಲೆ ಸೇರಿಸಿದರೆ ಏನು ಕೆಟ್ಟಿತು ಅಂತ ಹುಡುಕುವುದು ಸುಲಭ. ಬಫರ್ ಇರುವ ಒಂದು ಚಾನೆಲ್ (ಗೋರೂಟೀನ್‌ಗಳ ನಡುವಿನ ಕೊಳವೆ, ಇಷ್ಟೇ ಹಿಡಿಸುತ್ತದೆ ಅನ್ನುವ ಮಿತಿ ಇರುವಂಥದ್ದು) ಇಟ್ಟು ಒಂದು ಸಲಕ್ಕೆ ನಾಲ್ಕೇ ಡೌನ್‌ಲೋಡ್ ಬಿಟ್ಟಿದ್ದೇನೆ, ಇಲ್ಲದಿದ್ದರೆ ಸಾವಿರಾರು ಕೋರಿಕೆ ಒಟ್ಟಿಗೇ ಹೋಗುತ್ತವೆ. ಬಿಟ್ಟಿ ಕೊಡುವವರ ಸರ್ವರ್ ಮೇಲೆ ಅಷ್ಟು ಹೇರುವುದು ಸರಿಯಲ್ಲ. ಟೈಮ್‌ಔಟ್ (ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು ಅನ್ನುವ ಮಿತಿ) ಕೂಡ ನೀವೇ ಹಾಕಿ, ಗೋದ ಡಿಫಾಲ್ಟ್ ಕ್ಲೈಂಟಿಗೆ ಅದು ಇರುವುದಿಲ್ಲ.