ಲಾಟ್ ಬದಲಾದಾಗ ಟೆಂಪರೇಚರ್ ಮುಟ್ಟುವ ಮುಂಚೆ

ಪ್ಲಾಸ್ಟಿಕ್ ಕಾಳು ಒಂದೇ ಕಂಪನಿಯದ್ದು, ಒಂದೇ ಗ್ರೇಡ್, ಬ್ಯಾಗ್ ಕೂಡ ಥೇಟ್ ಹಾಗೇ. ಆದರೂ ಲಾಟ್ ನಂಬರ್ ಬದಲಾದರೆ ಸಾಕು, ನಿನ್ನೆ ಚೆನ್ನಾಗಿ ತುಂಬುತ್ತಿದ್ದ ಮೋಲ್ಡ್ ಇವತ್ತು ಶಾರ್ಟ್ ಕೊಡುತ್ತದೆ, ಅಂದರೆ ಪೂರ್ತಿ ತುಂಬುವುದಿಲ್ಲ. ಇಲ್ಲಾಂದ್ರೆ ಮೋಲ್ಡ್‌ನ ಎರಡು ಭಾಗ ಕೂಡುವ ಪಾರ್ಟಿಂಗ್ ಲೈನ್‌ನಲ್ಲಿ ಫ್ಲ್ಯಾಶ್ ಬಿಡುತ್ತದೆ, ಅಂದರೆ ಪ್ಲಾಸ್ಟಿಕ್ ತೆಳು ಪದರವಾಗಿ ಹೊರಗೆ ಜಿನುಗುತ್ತದೆ. ಪೀಣ್ಯದಲ್ಲಿ ಚಿಕ್ಕ ಇಂಜೆಕ್ಷನ್ ಮೋಲ್ಡಿಂಗ್ ಶಾಪ್ ನಡೆಸುವ ನನಗೆ ಇದು ಮಾಮೂಲಿ. ನಾವು ಟ್ರೇಡರ್ ಹತ್ತಿರ ಸ್ವಲ್ಪ ಸ್ವಲ್ಪವೇ ಮಾಲು ತರುವವರು. ಇದೇ ಲಾಟ್ ಬೇಕು ಅಂತ ಕೇಳಿದರೆ ಯಾರು ಕೊಡುತ್ತಾರೆ?

ಹಾಗಂತ ಅದು ಕಳಪೆ ಮಾಲು ಅಲ್ಲ. ಕರಗಿದ ಪಿಪಿ (ಪಾಲಿಪ್ರೊಪಿಲೀನ್) ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನೋದನ್ನು ಎಂಎಫ್ಐ (ಮೆಲ್ಟ್ ಫ್ಲೋ ಇಂಡೆಕ್ಸ್) ಹೇಳುತ್ತದೆ. 230 ಡಿಗ್ರಿಯಲ್ಲಿ, 2.16 ಕೆಜಿ ಭಾರ ಹೇರಿದಾಗ, 10 ನಿಮಿಷಕ್ಕೆ ಎಷ್ಟು ಗ್ರಾಂ ಹೊರಗೆ ಬಂತು ಅನ್ನುವ ಲೆಕ್ಕ ಅದು. 11 ಅಂತ ಬರೆದಿರುವ ಗ್ರೇಡ್ ಒಂದು ಸಲ 10 ಇರಬಹುದು, ಇನ್ನೊಂದು ಸಲ 12. ಸರ್ಟಿಫಿಕೇಟ್‌ನಲ್ಲಿ ಎರಡೂ ಪಾಸ್. ವ್ಯತ್ಯಾಸ ಗೊತ್ತಾಗುವುದು ಮೋಲ್ಡ್‌ಗೆ ಮಾತ್ರ.

ಶಾರ್ಟ್ ಬಂದ ಕೂಡಲೇ ಮಾಲು ಕರಗುವ ಬ್ಯಾರೆಲ್‌ನ ಟೆಂಪರೇಚರ್ 10 ಡಿಗ್ರಿ ಏರಿಸುವುದು ಎಲ್ಲಾ ಕಡೆ ಇರುವ ರೂಢಿ. ಆ ಬಿಸಿ ನೆಲೆಗೆ ಬರುವಷ್ಟರಲ್ಲಿ ಯಾರೋ ಹೋಲ್ಡಿಂಗ್ ಪ್ರೆಷರ್ (ಮೋಲ್ಡ್ ತುಂಬಿದ ಮೇಲೆ ಮಾಲನ್ನು ಒತ್ತಿ ಹಿಡಿಯುವ ಒತ್ತಡ) ಜಾಸ್ತಿ ಮಾಡಿರುತ್ತಾರೆ. ರಾತ್ರಿ ಶಿಫ್ಟಿನವರು ಫ್ಲ್ಯಾಶ್ ನೋಡಿ ಎರಡನ್ನೂ ಇಳಿಸುತ್ತಾರೆ. ಬೆಳಗ್ಗೆ ಮೂಲ ಸೆಟ್ಟಿಂಗ್ ಏನಿತ್ತು ಅಂತ ಕೇಳಿದರೆ ಉತ್ತರ ಇಲ್ಲ. ನನ್ನ ಶಾಪ್‌ನಲ್ಲಿ ನಾನು ಮೊದಲು ನಿಲ್ಲಿಸಿದ್ದು ಇದನ್ನು.

ಈಗ ನಾವು ಕದಲದಂತೆ ಹಿಡಿದುಕೊಳ್ಳುವುದು ಫಿಲ್ ಟೈಮ್ (ಮೋಲ್ಡ್ ತುಂಬಲು ಹಿಡಿಯುವ ಸಮಯ) ಒಂದನ್ನೇ. ಮೋಲ್ಡ್ 95ರಿಂದ 98 ಪರ್ಸೆಂಟ್ ತುಂಬುವ ತನಕ ವೇಗದ ಹಿಡಿತದಲ್ಲೇ ತಳ್ಳುತ್ತೇವೆ, ಆಮೇಲೆ ಹೋಲ್ಡಿಂಗ್‌ಗೆ ಬದಲಾಯಿಸುತ್ತೇವೆ. ಪ್ರೆಷರ್ ಲಿಮಿಟ್ ಸಾಕಷ್ಟು ಮೇಲಿಟ್ಟರೆ ಮಾಲು ಗಟ್ಟಿಯಿದ್ದರೂ ಮೆಷಿನ್ ಅದೇ ವೇಗದಲ್ಲಿ ತಳ್ಳುತ್ತದೆ, ಪ್ರೆಷರ್ ಮಾತ್ರ ಜಾಸ್ತಿ ತಗೊಳ್ಳುತ್ತದೆ. ಹಾಗಾಗಿ ಹೋಲ್ಡಿಂಗ್‌ಗೆ ಬದಲಾಗುವ ಹೊತ್ತಿನ ಪ್ರೆಷರ್ ನೋಡಿದರೆ ಮಾಲಿನ ಗುಣ ಗೊತ್ತಾಗುತ್ತದೆ. ಜಂಕ್ಷನ್ ಬಾಕ್ಸ್ ಮುಚ್ಚಳ ಓಡುವ ನಮ್ಮ ಒಂದು ಮೆಷಿನ್‌ನಲ್ಲಿ ಹಳೇ ಲಾಟ್‌ಗೆ ಸ್ಕ್ರೀನ್ ಮೇಲೆ 78 ಬಾರ್ ಬರುತ್ತಿತ್ತು. ಹೊಸ ಬ್ಯಾಗ್ ಸುರಿದು, ಬ್ಯಾರೆಲ್‌ನಲ್ಲಿದ್ದ ಹಳೇ ಮಾಲು ಖಾಲಿಯಾದ ಮೇಲೆ ಅದೇ ಫಿಲ್ ಟೈಮ್‌ಗೆ 69ಕ್ಕೆ ಇಳಿಯಿತು. ಹೊಸ ಮಾಲು ತೆಳು. ತೆಳು ಮಾಲಿನಲ್ಲಿ ಹೋಲ್ಡಿಂಗ್ ಪ್ರೆಷರ್ ಮೋಲ್ಡ್‌ನ ಕೊನೆ ತನಕ ಚೆನ್ನಾಗಿ ಮುಟ್ಟುತ್ತದೆ, ಪಾರ್ಟ್ ತೂಕ ಏರುತ್ತದೆ. 0.01 ಗ್ರಾಂ ತೋರಿಸುವ ತಕ್ಕಡಿ ಪಕ್ಕದಲ್ಲಿಟ್ಟುಕೊಂಡು, ತೂಕ ಹಳೇ ಜಾಗಕ್ಕೆ ಬರುವ ತನಕ ಹೋಲ್ಡಿಂಗ್ ಒಂದನ್ನೇ ಸ್ವಲ್ಪ ಸ್ವಲ್ಪ ಇಳಿಸಿದೆವು. ಅಳತೆಯೂ ತಾನಾಗಿ ಕೂತಿತು.

ಇನ್ನೊಂದು ಮಾತು. ಪ್ಲಾಸ್ಟಿಕ್ ಅನ್ನು ಬೇಗ ತಳ್ಳಿದಷ್ಟೂ ಅದು ತೆಳುವಾಗುತ್ತದೆ. ಆ ವೇಗದಲ್ಲಿ ಲಾಟ್‌ಗಳ ನಡುವಿನ ವ್ಯತ್ಯಾಸವೂ ಕಮ್ಮಿಯಾಗುತ್ತದೆ. ಮಾಲು ಮೋಲ್ಡ್‌ಗೆ ಒಳಹೋಗುವ ಗೇಟ್ ಹತ್ತಿರ ಸುಟ್ಟ ಕಲೆ ಬರದಿದ್ದರೆ ನಾನು ವೇಗದ ಕಡೆಗೇ ವಾಲುತ್ತೇನೆ.

ನೈಲಾನ್ ವಿಷಯ ಬೇರೆ. ಅಲ್ಲಿ ಲಾಟ್‌ಗಿಂತ ತೇವದ್ದೇ ಕಾಟ ಜಾಸ್ತಿ, ಅದರಲ್ಲೂ ಮಳೆಗಾಲದಲ್ಲಿ. ಬಾಯಿ ಬಿಚ್ಚಿಟ್ಟ ಬ್ಯಾಗ್ ಸುಮ್ನೆ ಗಾಳಿಯಿಂದಲೇ ನೀರು ಹೀರುತ್ತದೆ. ನಾವು 80 ಡಿಗ್ರಿಯಲ್ಲಿ ನಾಲ್ಕರಿಂದ ಆರು ಗಂಟೆ ಒಣಗಿಸುತ್ತೇವೆ, ತೇವ 0.2 ಪರ್ಸೆಂಟ್ ಒಳಗೆ ಬಂದ ಮೇಲೇ ಓಡಿಸುತ್ತೇವೆ. ಹಾಗಂತ ವಾರಾಂತ್ಯ ಪೂರ್ತಿ ಡ್ರೈಯರ್‌ನಲ್ಲಿ ಬಿಟ್ಟರೂ ಕಷ್ಟ. ಮಾಲು ಹಳದಿಯಾಗುತ್ತದೆ, ತೀರಾ ಒಣಗಿದ ನೈಲಾನ್ ಗಟ್ಟಿಯಾಗಿ ಹರಿಯುತ್ತದೆ. ಪಾಲಿಕಾರ್ಬೊನೇಟ್‌ನಲ್ಲಿ ನನಗೆ ಭಯ ಇನ್ನೂ ಜಾಸ್ತಿ. ತೇವ ಉಳಿದಿದ್ದರೆ ಬಿಸಿಯಲ್ಲಿ ಅದರ ಅಣುಗಳ ಸರಪಳಿಯೇ ತುಂಡಾಗುತ್ತದೆ. ಸಿಲ್ವರ್ ಸ್ಟ್ರೀಕ್ (ತೇವದಿಂದ ಮೇಲ್ಮೈಯಲ್ಲಿ ಮೂಡುವ ಬೆಳ್ಳಿ ಗೆರೆ) ಕಾಣದ ಪಾರ್ಟ್ ಕೂಡ ಕೆಳಗೆ ಬಿದ್ದರೆ ಒಡೆಯಬಹುದು.

ಅರೆದು ಮತ್ತೆ ಬಳಸುವ ಮಾಲು, ಅಂದರೆ ರೀಗ್ರೈಂಡ್ ಬಗ್ಗೆ ನಮ್ಮದು ಒಂದೇ ನಿಯಮ: ತೂಗಿ ಹಾಕಬೇಕು, ಬೊಗಸೆ ಲೆಕ್ಕ ಬೇಡ. ಗ್ಲಾಸ್ ಇರುವ ನೈಲಾನ್‌ನಲ್ಲಂತೂ ಅರೆದಷ್ಟೂ ಗ್ಲಾಸ್ ಎಳೆಗಳು ಗಿಡ್ಡವಾಗುತ್ತವೆ, ಬಲ ಕುಂದುತ್ತದೆ.

ನಮಗೆ ಅತಿ ಹೆಚ್ಚು ಕೈಹಿಡಿದಿದ್ದು ತುಂಬ ಸರಳವಾದ ಒಂದು ಪದ್ಧತಿ. ಚೆನ್ನಾಗಿ ಓಡಿದ ಲಾಟ್‌ನ ಒಂದು ಬ್ಯಾಗನ್ನು ಬಾಯಿ ಹೊಲಿದಂತೆಯೇ ಎತ್ತಿಡುತ್ತೇವೆ. ಹೊಸ ಲಾಟ್ ಮೇಲೆ ದೂರು ಬಂದಾಗ, ಅದೇ ಸೆಟ್ಟಿಂಗ್‌ನಲ್ಲಿ ಆ ಹಳೇ ಮಾಲು ಓಡಿಸಿ ನೋಡುತ್ತೇವೆ. ತೊಂದರೆ ಹೋಯಿತಾ, ಮಾಲಿನದ್ದೇ ಕಾರಣ. ಹೋಗಲಿಲ್ಲ ಅಂದರೆ ಮೆಷಿನ್ ಕಡೆ ತಿರುಗುತ್ತೇವೆ: ಕುಷನ್ (ತಳ್ಳಿದ ಮೇಲೆ ಸ್ಕ್ರೂ ಮುಂದೆ ಉಳಿಯುವ ಮಾಲು) ಪ್ರತಿ ಶಾಟ್‌ಗೂ ಬದಲಾಗುತ್ತಿದ್ದರೆ, ಮಾಲು ಹಿಂದಕ್ಕೆ ಹರಿಯದಂತೆ ತಡೆಯುವ ಸ್ಕ್ರೂ ತುದಿಯ ಚೆಕ್ ರಿಂಗ್ ಸವೆದಿರಬಹುದು. ಟ್ರೇಡರ್‌ಗೆ ಫೋನ್ ಮಾಡುವುದು ಇದೆಲ್ಲ ನೋಡಿ ಆದ ಮೇಲೆ.