ಕಾಪುವಿನಲ್ಲಿ ಮನೆ ಮಾಡುವಾಗ ನಾನು ಮೊದಲು ನೋಡಿದ್ದು ಬಾವಿ

ನಮ್ಮಿಬ್ಬರ ಕೆಲಸವೂ ಉಡುಪಿಯಲ್ಲಿ. ಆದರೂ ಮನೆ ಮಾಡಿದ್ದು ಅಲ್ಲಿಂದ ಸುಮಾರು 13 ಕಿ.ಮೀ. ದೂರದ ಕಾಪುವಿನಲ್ಲಿ. ದಾವಣಗೆರೆ ಕಡೆಯವಳಾದ ನನಗೆ ಸಮುದ್ರದ ಹತ್ತಿರ ಇರಬೇಕು ಅನ್ನೋದು ಬಹಳ ದಿನದ ಆಸೆ. ಓಡಾಟದ ಚಿಂತೆ ಇಲ್ಲ. ಮಂಗಳೂರು–ಉಡುಪಿ ನಡುವಿನ ಖಾಸಗಿ ಬಸ್ಸುಗಳು ಹೆದ್ದಾರಿಯಲ್ಲಿ ಒಂದರ ಹಿಂದೆ ಒಂದು ಬರುತ್ತವೆ. ಕಟಪಾಡಿ, ಉದ್ಯಾವರ ದಾಟಿದರೆ ಉಡುಪಿ ಬಂತು. ಆಸ್ಪತ್ರೆ ಬೇಕಾದರೆ ಮಣಿಪಾಲ, ರೈಲು ಹತ್ತಬೇಕಾದರೆ ಇಂದ್ರಾಳಿ. ಎಲ್ಲ ಕೈಗೆಟುಕುವಷ್ಟೇ ದೂರ.

ಮನೆ ಹುಡುಕುವಾಗ ಬ್ರೋಕರ್ ಮೊದಲು ತೋರಿಸುತ್ತಿದ್ದದ್ದು ಸಮುದ್ರ ಕಾಣುವ ಬಾಲ್ಕನಿ. ನಾನು ಬಾವಿ ಎಲ್ಲಿದೆ ಅಂತ ಕೇಳುತ್ತಿದ್ದೆ. ಇದನ್ನು ಹೇಳಿಕೊಟ್ಟವರು ನನ್ನ ಜೊತೆ ಕೆಲಸ ಮಾಡುವ, ಈ ಕಡೆಯವರೇ ಆದ ಒಬ್ಬ ಅಕ್ಕ. "ಬಾವಿಯನ್ನು ಮೇ ತಿಂಗಳಲ್ಲಿ ನೋಡಿ ಮಾರಾಯ್ರೆ, ಮಳೆಗಾಲದಲ್ಲಿ ಎಲ್ಲರ ಬಾವಿಯಲ್ಲೂ ಸಿಹಿ ನೀರು ಉಂಟು" ಅಂದಿದ್ದರು. ಹಾಗೇ ಮಾಡಿದೆ. ಮೇ ಕೊನೆಯಲ್ಲಿ ಹೋಗಿ, ಒಂದು ಕೊಡ ನೀರು ಸೇದಿಸಿ, ಕುಡಿದು ನೋಡಿದೆ. ಕಡಲಿಗೆ ತೀರಾ ಹತ್ತಿರದ ಒಂದೆರಡು ಮನೆಗಳ ನೀರು ಬಾಯಿಗೆ ಹಾಕುತ್ತಿದ್ದಂತೆ ಉಪ್ಪು ಗೊತ್ತಾಯಿತು. ಹೆದ್ದಾರಿ ಕಡೆಗೆ ಸ್ವಲ್ಪ ಒಳಗೆ ಬಂದ ಮೇಲೆ ಸಿಹಿ ಬಾವಿಯ ಹಳೇ ಹೆಂಚಿನ ಮನೆ ಸಿಕ್ಕಿತು. ಬಾಲ್ಕನಿ ಇಲ್ಲ. ಅಲೆಯ ಸದ್ದು ರಾತ್ರಿ ಸಣ್ಣಗೆ ಕೇಳುತ್ತದೆ, ನನಗೆ ಅಷ್ಟು ಸಾಕು.

ಈ ಬಾವಿಯ ಲೆಕ್ಕ ಗೊತ್ತಿರಲೇಬೇಕು. ಸಿಹಿ ನೀರು ಉಪ್ಪು ನೀರಿಗಿಂತ ಹಗುರ. ಕರಾವಳಿಯ ಮರಳಿನಡಿ ಇಂಗಿದ ಮಳೆ ನೀರು ಉಪ್ಪು ನೀರಿನ ಮೇಲೆ ತೇಲಿಕೊಂಡು ಇರುತ್ತದೆ. ಸಮುದ್ರದ ಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿ ನೀರು ನಿಂತಿದ್ದರೆ, ಆ ಮಟ್ಟದ ಕೆಳಗೆ ಸುಮಾರು 40 ಅಡಿ ಸಿಹಿ ನೀರು ಇರುತ್ತದೆ. ಮೇಲಿನ ಆ ಒಂದು ಅಡಿ ಕಡಿಮೆಯಾದರೆ ಕೆಳಗಿನ ಉಪ್ಪು ನೀರು ಸುಮಾರು 40 ಅಡಿ ಮೇಲಕ್ಕೆ ಏರಿ ಬರುತ್ತದೆ. ಅದಕ್ಕೇ ಇಲ್ಲಿ ಆಳಕ್ಕೆ ಬೋರ್‌ವೆಲ್ ಕೊರೆದು ಜೋರಾಗಿ ಎಳೆದರೆ ನೀರು ಕೆಡುವ ಭಯ ಜಾಸ್ತಿ. ನಮ್ಮದು ಸಣ್ಣ ಪಂಪು. ಬೇಸಿಗೆಯಲ್ಲಿ ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ಹಾಕುತ್ತೇವೆ. ಟ್ಯಾಂಕ್ ತುಂಬುವ ತನಕ ಒಂದೇ ಸಮನೆ ಓಡಿಸುವುದಿಲ್ಲ. ಮಾಡಿನ ಮಳೆ ನೀರು ರಸ್ತೆಗೆ ಹರಿದು ಹೋಗದಂತೆ ಪೈಪ್ ಹಾಕಿಸಿ ಬಾವಿಯ ಪಕ್ಕದ ಇಂಗುಗುಂಡಿಗೆ ಬಿಟ್ಟಿದ್ದೇವೆ. ಪಕ್ಕದ ಮನೆಯವರ ನೀರೂ ನಮ್ಮ ನೀರೂ ನೆಲದಡಿ ಒಂದೇ ಅಲ್ವಾ? ಅವರೂ ಹಾಗೇ ಮಾಡಿಸಿಕೊಂಡಾಗ ನನಗೆ ಬಹಳ ಖುಷಿಯಾಯಿತು.

ಬಾವಿಯ ನಂತರ ತುಕ್ಕು. ಗಾಳಿಯಲ್ಲಿ ಬರುವ ಉಪ್ಪು ಕಬ್ಬಿಣದ ಮೇಲೆ ಕೂತು ತೇವವನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಬಿಸಿಲಲ್ಲಿ ಒಣಗಿದಂತೆ ಕಂಡರೂ ಲೋಹದ ಮೇಲೆ ಸಣ್ಣ ಪಸೆ ಇದ್ದೇ ಇರುತ್ತದೆ. ಗೇಟಿನ ತಿರುಗಣಿ, ಕಿಟಕಿಯ ಸರಳು, ಗ್ಯಾಸ್ ಒಲೆಯ ಕಾಲು, ಸ್ಕೂಟರಿನ ಸೈಲೆನ್ಸರ್ ಮೊದಲು ಹಾಳಾಗುತ್ತವೆ. ನಾವು ಮಾಡುವುದು ಇಷ್ಟೇ: ಬೀಚಿಗೆ ಹೋಗಿ ಬಂದ ದಿನ ಸ್ಕೂಟರಿಗೆ ಬಾವಿ ನೀರು ಹೊಯ್ದು ತೊಳೆಯುವುದು, ಮಳೆಗಾಲಕ್ಕೆ ಮುಂಚೆ ತುಕ್ಕು ಕೆರೆದು ರೆಡ್ ಆಕ್ಸೈಡ್ ಹಚ್ಚಿ ಮೇಲೆ ಬಣ್ಣ ಬಳಿಯುವುದು. ಹೊಸದಾಗಿ ಕೊಳ್ಳುವಾಗ ಬರೀ ಸ್ಟೀಲ್ ಅಂತ ಕೇಳದೆ 316 ದರ್ಜೆ ಇದೆಯಾ ಅಂತ ಕೇಳಿ. ಸಾಮಾನ್ಯವಾಗಿ ಸಿಗುವ 304ರಲ್ಲಿ ಇಲ್ಲದ ಮಾಲಿಬ್ಡಿನಮ್ ಅದರಲ್ಲಿರುತ್ತದೆ. ಉಪ್ಪು ಗಾಳಿಯನ್ನು ಅದು ಹೆಚ್ಚು ತಡೆದುಕೊಳ್ಳುತ್ತದೆ. ರೇಟು ಜಾಸ್ತಿ, ಆದರೆ ಬಾಗಿಲ ಬೋಲ್ಟು, ಬೀಗದಂಥ ಸಣ್ಣ ಸಾಮಾನಿಗೆ ಕೊಡಬಹುದು.

ಇನ್ನು ಮಳೆ. ಈ ಕಡೆ ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಾಳಿ ಪಡುವಣದಿಂದ ಬರುವುದರಿಂದ ಹಳಬರು ಆ ಬದಿಯ ಜಗಲಿಗೆ ಮಡಲಿನ (ತೆಂಗಿನ ಗರಿಯ) ತಟ್ಟಿ ಕಟ್ಟುತ್ತಿದ್ದರು. ನಾವು ಟರ್ಪಾಲು ಕಟ್ಟುತ್ತೇವೆ. ಬಟ್ಟೆಯ ಕಪಾಟನ್ನು ಪಡು ಗೋಡೆಗೆ ತಾಗಿಸಿ ಇಡಬೇಡಿ, ಬೂಸ್ಟು ಬರುತ್ತದೆ. ಬಟ್ಟೆ ಒಣಗಿಸುವುದೇ ಇಲ್ಲಿ ದೊಡ್ಡ ಕೆಲಸ. ಹಳೇ ಮನೆಯಾದ್ದರಿಂದ ನಮಗೆ ಬಚ್ಚಲ ಒಲೆ ಇದೆ. ತೆಂಗಿನ ಸಿಪ್ಪೆ, ಒಣ ಮಡಲು ಹಾಕಿ ಹಂಡೆ ನೀರು ಕಾಯಿಸುತ್ತೇವೆ. ಒಲೆಗೆ ಸ್ವಲ್ಪ ಆಚೆ, ಎತ್ತರದಲ್ಲಿ ಹಗ್ಗ ಕಟ್ಟಿದ್ದೇನೆ. ಜೀನ್ಸ್ ಪ್ಯಾಂಟು ಕೂಡ ಬೆಳಗಾಗುವಷ್ಟರಲ್ಲಿ ಒಣಗಿರುತ್ತದೆ. ಸ್ವಲ್ಪ ಹೊಗೆ ವಾಸನೆ ಇರುತ್ತದೆ, ಈಗ ನನಗೆ ಆ ವಾಸನೆಯೇ ಇಷ್ಟ.

ಸಂಜೆ ದೀಪಸ್ತಂಭದ ಕಡೆ ಹೋಗುವುದು ನಮ್ಮ ರೂಢಿ. 1901ರಲ್ಲಿ ಕಟ್ಟಿದ್ದು, ಕಡಲಂಚಿನ ಬಂಡೆಯ ಮೇಲೆ ನಿಂತಿದೆ. ಮೇಲಿಂದ ನೋಡಿದರೆ ಒಂದು ಕಡೆ ತೆಂಗಿನ ತೋಟ, ಇನ್ನೊಂದು ಕಡೆ ಬರೀ ನೀರು. ಎಷ್ಟು ಸಲ ನೋಡಿದರೂ ನನಗೆ ಬೇಜಾರಿಲ್ಲ. ಆದರೆ ಮಳೆಗಾಲದಲ್ಲಿ ಬಂಡೆಗಳ ಮೇಲೆ ಪಾಚಿ ಕಟ್ಟಿ ಕಾಲು ಜಾರುತ್ತದೆ, ಅಲೆ ಹೇಳದೆ ಕೇಳದೆ ಮೇಲೇರುತ್ತದೆ. ನೆಂಟರ ಮಕ್ಕಳು ಎಷ್ಟೇ ಹಟ ಮಾಡಿದರೂ ಆಗ ನಾನು ಬಂಡೆಯ ಹತ್ತಿರ ಬಿಡುವುದಿಲ್ಲ. ಸುಗ್ಗಿ ಮಾರಿಪೂಜೆಯ ದಿನ ಮಾತ್ರ ಸ್ಕೂಟರ್ ಮನೆಯಲ್ಲೇ ಬಿಟ್ಟು ನಡೆಯಿರಿ. ಮೂರು ಮಾರಿಗುಡಿಗಳಿಗೂ ಜನ ಬಂದು ಪೇಟೆ ತುಂಬಿರುತ್ತದೆ.

ಮೀನು ತಿನ್ನುವವರಿಗೆ ಒಂದು ಮಾತು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ನಿಷೇಧ. ಆಗ ನಾಡದೋಣಿಯವರು ತಂದ ಮೀನು ಮಾತ್ರ ತಾಜಾ. ಸಿಗುವುದು ಕಡಿಮೆ, ಬೆಲೆ ಜಾಸ್ತಿ. ನಾನು ಬೇಸಿಗೆಯಲ್ಲೇ ಒಣಮೀನು ತಂದು ಡಬ್ಬಿಗೆ ಹಾಕಿ ಇಡುತ್ತೇನೆ. ಉಳಿದ ದಿನ ಮೀನು ಮಾರುವ ಅಕ್ಕನಿಗೆ ಕೇಳಿಯೇ ಕಿವಿರು ಎತ್ತಿ ನೋಡುತ್ತೇನೆ. ಒಳಗೆ ಕೆಂಪಗಿರಬೇಕು, ಕಣ್ಣು ತಿಳಿಯಾಗಿ ಉಬ್ಬಿರಬೇಕು, ಬೆರಳಲ್ಲಿ ಒತ್ತಿದರೆ ಗುಳಿ ಉಳಿಯಬಾರದು. ಬಂಗುಡೆ, ಬೂತಾಯಿ ಬಲೆಗೆ ಚೆನ್ನಾಗಿ ಬಿದ್ದು ರೇಟು ಇಳಿದ ವಾರ ದಾವಣಗೆರೆಗೆ ಫೋನ್ ಮಾಡಿ ಅಕ್ಕ-ಭಾವನನ್ನು ಕರೆಸಿಕೊಳ್ಳುತ್ತೇವೆ.