ಜೋಡಿ ಅಕ್ಷರದ ನಾಣ್ಯ: ಮೊದಲು ಅಕ್ಷರದ ಅಂಚು ನೋಡಿ, ಆಮೇಲೆ ಬೆಲೆ ಕೇಳಿ

ಅಕ್ಷರ ಎರಡೆರಡಾಗಿ ಕಾಣುವ ನಾಣ್ಯ ಸಿಕ್ಕರೆ ಬೆಳಕನ್ನು ಪಕ್ಕದಿಂದ ಬಿಟ್ಟು, ಭೂತಗನ್ನಡಿಯಲ್ಲಿ ಆ ಎರಡನೆಯ ಗೆರೆಯನ್ನಷ್ಟೇ ನೋಡಿ. ಅದೂ ಉಬ್ಬಿ ದುಂಡಗಿದ್ದು, ಮೂಲೆಯಲ್ಲಿ ಸೀಳು ಕಂಡು, ಅಕ್ಷರ ದಪ್ಪಗಾಗಿದ್ದರೆ ಎತ್ತಿಡಿ. ತಗ್ಗಿನಲ್ಲಿ ಮೆಟ್ಟಿಲಿನಂತೆ ಚಪ್ಪಟೆಯಾಗಿ ಹೊಳೆಯುತ್ತಾ ಅಕ್ಷರವನ್ನೇ ಸಣ್ಣಗಾಗಿಸಿದ್ದರೆ ಮುಖಬೆಲೆಗಿಂತ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ಮೊದಲನೆಯದರಲ್ಲಿ ನಾಣ್ಯ ಒತ್ತುವ ಅಚ್ಚು ತಯಾರಾಗುವಾಗಲೇ ವಿನ್ಯಾಸ ತುಸು ಸರಿದು ಎರಡು ಸಲ ಮೂಡಿರುತ್ತದೆ. ಆ ಅಚ್ಚಿನಿಂದ ಬಂದ ಪ್ರತಿ ನಾಣ್ಯದಲ್ಲೂ ಅದೇ ಜಾಗದಲ್ಲಿ ಅದೇ ಗುರುತು ಇರುತ್ತದೆ. ಅಮೆರಿಕದ 1955ರ ಒಂದು ಸೆಂಟ್ ಹೆಸರಾದದ್ದು ಹೀಗೆಯೇ. ಎರಡನೆಯದು ಟಂಕಿಸುವ ಹೊತ್ತಿನಲ್ಲಿ ಸಡಿಲ ಅಚ್ಚು ಅಲುಗಿ, ಆಗತಾನೇ ಎದ್ದ ಲೋಹವನ್ನು ಪಕ್ಕಕ್ಕೆ ತಳ್ಳಿದ್ದರ ಫಲ. ಇದು ತೀರಾ ಸಾಮಾನ್ಯ. ‘ಅಪರೂಪದ ದೋಷ’ ಎಂದು ಸಾವಿರಗಟ್ಟಲೆ ಬೆಲೆ ಹೇಳುವವರ ಮಾತಿಗೆ ನಮ್ಮ ಹುಡುಗರು ಹಣ ಕಳೆದುಕೊಳ್ಳಬಾರದು ಎಂಬುದೇ ನನ್ನ ಕಳಕಳಿ. ದಾವಣಗೆರೆಯ ಮಂಡಿಪೇಟೆಯ ಗಲ್ಲಾಗಳಲ್ಲಿ ವರ್ಷಗಟ್ಟಲೆ ಓಡಾಡಿ ಸವೆದ ನಾಣ್ಯಕ್ಕೆ ಈ ಪರೀಕ್ಷೆ ನಡೆಯದು, ಏಕೆಂದರೆ ಚಪ್ಪಟೆ ಮೆಟ್ಟಿಲೂ ಸವೆದು ದುಂಡಗೆ ಕಾಣುತ್ತದೆ. ಅಚ್ಚೇ ಸವೆದಿದ್ದಾಗಲೂ ಅಕ್ಷರದ ಸುತ್ತ ಮಸುಕಾದ ನೆರಳು ಮೂಡಿ ಮೋಸ ಮಾಡುತ್ತದೆ. ಅಂಥ ಸಂದರ್ಭದಲ್ಲಿ ಅದೇ ವರ್ಷದ, ಅದೇ ಟಂಕಸಾಲೆಯ ಇನ್ನೊಂದು ನಾಣ್ಯದಲ್ಲಿ ಅದೇ ಗುರುತು ಸಿಗುವವರೆಗೆ ಕೊಳ್ಳಬೇಡಿ. ಪರೀಕ್ಷೆಗೆಂದು ಹುಣಸೆಹಣ್ಣು ಹಾಕಿ ಉಜ್ಜಲೂ ಬೇಡಿ. ನಿಜವಾದ ದೋಷದ ನಾಣ್ಯವೇ ಆಗಿದ್ದರೂ ಉಜ್ಜಿದ ಮೇಲೆ ಸಂಗ್ರಾಹಕರು ಬೆಲೆ ಇಳಿಸುತ್ತಾರೆ.